ಹೆಸರು ಬೇಕಾದಷ್ಟು, ಊರು ಬೆರಳೆಣಿಕೆಯಷ್ಟು

ಪ್ರಶ್ನೆ: ಅರ್ಜೆಂಟೀನಾದ ಸಾಲ್ಟಾ ಪ್ರಾಂತ್ಯದ ಲೋಸ್ ಆಂಡೆಸ್ ಜಿಲ್ಲೆಯ ನಕ್ಷೆಯ ತುಂಬ ಹೆಸರುಗಳಿವೆ, ಜನ ಮಾತ್ರ ಸುಮಾರು ಆರು ಸಾವಿರ. ಇವೆಲ್ಲ ನಿಜವಾಗಿ ಊರುಗಳೇ?

ಹೆಚ್ಚಿನವು ಅಲ್ಲ. ಜಿಲ್ಲೆಯ ವಿಸ್ತಾರ 25,000 ಚದರ ಕಿಲೋಮೀಟರ್‌ಗೂ ಹೆಚ್ಚು. 2010ರ ಜನಗಣತಿಯ ಲೆಕ್ಕ ಹಿಡಿದರೆ ನಾಲ್ಕು ಚದರ ಕಿಲೋಮೀಟರ್‌ಗೆ ಒಬ್ಬರು. ಅವರಲ್ಲೂ ಬಹುಪಾಲು ಜನ ಸುಮಾರು 3,775 ಮೀಟರ್ ಎತ್ತರದಲ್ಲಿರುವ ಜಿಲ್ಲಾಕೇಂದ್ರ ಸಾನ್ ಆಂತೋನಿಯೊ ದೆ ಲೋಸ್ ಕೋಬ್ರೆಸ್‌ನಲ್ಲೇ ಇದ್ದಾರೆ. ಉಳಿದದ್ದು ಪೂನಾ ಎಂಬ ಎತ್ತರದ ಒಣ ಪ್ರಸ್ಥಭೂಮಿ. ಇಲ್ಲಿನ ಹೊಳೆಗಳು ಸಮುದ್ರ ಕಾಣುವುದಿಲ್ಲ. ಉಪ್ಪಿನ ಬಯಲಿಗೆ ಇಳಿದು, ಅಲ್ಲೇ ಇಂಗಿ ಆವಿಯಾಗಿಬಿಡುತ್ತವೆ.

ಹೀಗಾಗಿ ಇಲ್ಲಿ ಮನುಷ್ಯ ನೆಲ ನೋಡಿ ನೆಲೆಸಿದವನಲ್ಲ, ಒರತೆ ನೋಡಿ ನೆಲೆಸಿದವನು. ಬೆಟ್ಟದ ಬುಡದಲ್ಲಿ ನೀರು ಒಸರಿ ಒಂದಿಷ್ಟು ಹುಲ್ಲು ಹಸಿರಾಗಿರುವ ಜವುಗಿಗೆ ಅಲ್ಲಿನವರು ‘ವೇಗಾ’ ಎನ್ನುತ್ತಾರೆ. (ನಮ್ಮ ವೇಗಕ್ಕೂ ಇದಕ್ಕೂ ನಂಟಿಲ್ಲ, ಇಲ್ಲಿ ನೀರು ಹರಿಯುವುದೇ ಅಪರೂಪ.) ಲಾಮಾ, ಕುರಿ, ಮೇಕೆ ಸಾಕುವ ಕುಟುಂಬಕ್ಕೆ ಹಳ್ಳಿಯಲ್ಲೊಂದು ಹಸಿ ಇಟ್ಟಿಗೆಯ ಮನೆಯಿದ್ದರೆ, ಮೇವಿರುವ ಕಡೆ ಇನ್ನೊಂದು ಗುಡಿಸಲು, ಪಕ್ಕದಲ್ಲಿ ಕಲ್ಲು ಪೇರಿಸಿದ ದೊಡ್ಡಿ. ಒಲೆಗೆ ತೋಲಾ ಎಂಬ ಕುರುಚಲು ಗಿಡ. ಮಂದೆಯ ಹಿಂದೆ ಮನೆಯವರೂ ಹೋಗುತ್ತಾರೆ. ನಕ್ಷೆಯವರು ಅಂಥ ಗುಡಿಸಲಿಗೂ ಒಂದು ಚುಕ್ಕೆ ಇಟ್ಟಿರುತ್ತಾರೆ. ನೀವು ಹೋದ ದಿನ ಅಲ್ಲಿ ದೊಡ್ಡಿ ಮಾತ್ರ ಸಿಕ್ಕರೂ ಸಿಕ್ಕೀತು.

ಇನ್ನಷ್ಟು ಹೆಸರುಗಳನ್ನು ಕೊಟ್ಟದ್ದು ರೈಲು. ಸಾಲ್ಟಾ ನಗರದಿಂದ ಚಿಲಿಯ ಗಡಿಯಲ್ಲಿರುವ ಸೋಕೋಂಪಾವರೆಗಿನ ಮಾರ್ಗ 1921ರಲ್ಲಿ ಆರಂಭವಾಗಿ 1948ರಲ್ಲಿ ಮುಗಿಯಿತು. ಪ್ರವಾಸಿಗರು ಮೆಚ್ಚಿಕೊಳ್ಳುವ ಪೊಲ್ವೊರಿಯಾ ಸೇತುವೆ ಈ ಮಾರ್ಗದ್ದೇ: 4,200 ಮೀಟರ್ ಎತ್ತರದಲ್ಲಿ, ಕಣಿವೆಯಿಂದ ಅರುವತ್ತು ಮೀಟರ್‌ಗೂ ಮೇಲೆ. ನನಗೆ ಸೇತುವೆಗಿಂತ ನಿಲ್ದಾಣಗಳೇ ಕುತೂಹಲ. ತೋಲಾರ್ ಗ್ರಾಂದೆ ರೈಲು ಕಾರ್ಮಿಕರ ಊರಾಗಿ ಬೆಳೆದು, ರೈಲಿನ ಓಡಾಟ ಕುಗ್ಗಿದಾಗ ಕೆಲವು ನೂರು ಜನಕ್ಕೆ ಇಳಿಯಿತು. ಕೈಪೆ ಎಂಬ ನಿಲ್ದಾಣದಲ್ಲಿ ಈಗ ಉಳಿದಿರುವುದು ಗೋಡೆಗಳು.

ಕೈಪೆಯ ಕತೆ ಗಣಿಯ ಕತೆಯೂ ಹೌದು. ಐದು ಸಾವಿರ ಮೀಟರ್ ಮೇಲಿನ ಹೂಲಿಯಾ ಗಣಿಯಿಂದ ಗಂಧಕದ ಅದಿರು ತಂತಿಮಾರ್ಗದ ತೊಟ್ಟಿಗಳಲ್ಲಿ ಲಾ ಕಾಸುವಾಲಿದಾದ್ ಎಂಬ ಕಾರ್ಮಿಕರ ಊರಿಗೆ ಇಳಿಯುತ್ತಿತ್ತು. ಅಲ್ಲಿ ಸಂಸ್ಕರಿಸಿದ ಗಂಧಕ ಲಾರಿಯಲ್ಲಿ ಕೈಪೆಗೆ ಬಂದು ರೈಲು ಹತ್ತುತ್ತಿತ್ತು. 1979ರಲ್ಲಿ ಗಣಿ ಮುಚ್ಚಿತು. ಲಾ ಕಾಸುವಾಲಿದಾದ್‌ನ ಜನರೆಲ್ಲ ಹೊರಟುಹೋದರು. ಸೂರು ಕಳೆದುಕೊಂಡ ಮನೆಗಳ ಸಾಲಿನ ನಡುವೆ ಚರ್ಚು ಇನ್ನೂ ನಿಂತಿದೆ. ನಕ್ಷೆಯಲ್ಲಿ ಹೆಸರೂ ನಿಂತಿದೆ.

ಈಗ ಲಿಥಿಯಂ ಸರದಿ. ಉಪ್ಪಿನ ಬಯಲುಗಳ ಅಂಚಿನಲ್ಲಿ ಶಿಬಿರಗಳು ಎದ್ದಿವೆ. ದುಡಿಯುವವರಲ್ಲಿ ಬಹಳ ಮಂದಿ ಪಾಳಿ ಮುಗಿಸಿ ಕೆಳಗಿನ ಊರುಗಳಿಗೆ ಇಳಿಯುತ್ತಾರೆ. ಲಿಥಿಯಂ ಇರುವುದು ಬಯಲಿನಡಿಯ ಉಪ್ಪುನೀರಿನಲ್ಲಿ; ಅದನ್ನು ಮೇಲೆತ್ತುತ್ತ ಹೋದರೆ ವೇಗಾ ಒಣಗೀತೇ ಎಂಬ ಅಳುಕು ಮಂದೆ ಸಾಕುವವರಿಗೆ.