ಒತ್ತುವಾಗ ಕಾಣದ ಕೆಂಪು

ಬಟ್ಟೆಯ ಮೇಲೆ ಮರದ ಅಚ್ಚು ಒತ್ತುವುದನ್ನು ಕಲಿಯಲು ನನ್ನ ಹತ್ತಿರ ಬಂದವರು ಮೊದಲ ದಿನ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳುತ್ತಾರೆ. "ಮೇಡಂ, ಕೆಂಪು ಬಣ್ಣ ಎಲ್ಲಿದೆ?"

ತಟ್ಟೆಯಲ್ಲಿರುವುದು ಪಟಿಕದ ನೀರಿಗೆ ಜಾಲಿ ಅಂಟು ಕಲಸಿದ, ಗಂಜಿಯಂಥ ಪಾಕ. ಅದಕ್ಕೆ ಬಣ್ಣವೇ ಇಲ್ಲ. ಒತ್ತಿದಾಗ ಬಟ್ಟೆ ಒದ್ದೆಯಾದಂತೆ ಕಾಣುತ್ತದೆ, ಒಣಗಿದ ಮೇಲೆ ಅದೂ ಕಾಣುವುದಿಲ್ಲ. ಎಲ್ಲಿ ಒತ್ತಿದ್ದೇವೆ ಅಂತ ಗೊತ್ತಾಗಲಿ ಎಂದು ಚಿಟಿಕೆ ಕೆಮ್ಮಣ್ಣು ಸೇರಿಸುತ್ತೇವೆ. ಅದು ನಮ್ಮ ಕಣ್ಣಿಗೆ ಮಾತ್ರ. ತೊಳೆದಾಗ ಹೋಗಿಬಿಡುತ್ತದೆ.

ನಿಜವಾದ ಕೆಂಪು ಬರುವುದು ಆಮೇಲೆ, ಮಂಜಿಷ್ಠದ ಬೇರು ಕುದಿಯುವ ಹಂಡೆಯಲ್ಲಿ. ಹತ್ತಿ ಬಟ್ಟೆ ಈ ಬೇರಿನ ಬಣ್ಣವನ್ನು ತಾನಾಗಿ ಹಿಡಿದುಕೊಳ್ಳುವುದಿಲ್ಲ. ಮೊದಲು ಅದರ ಗಂಜಿ ತೆಗೆದು, ಅಳಲೆಕಾಯಿ ನೀರಿನಲ್ಲಿ ಅದ್ದಿ, ಬಿಸಿಲಿಗೆ ಹಾಕಬೇಕು. ಬಟ್ಟೆ ತಿಳಿ ಹಳದಿಗೆ ತಿರುಗುತ್ತದೆ. ಅದರ ಮೇಲೆ ಪಟಿಕ ಒತ್ತಿದ ಜಾಗ ಹಂಡೆಯಲ್ಲಿ ಕೆಂಪಾಗುತ್ತದೆ. ಕಬ್ಬಿಣದ ಪಾಕ ಒತ್ತಿದ ಜಾಗ ಕಪ್ಪು. ಎರಡನ್ನೂ ಬೆರೆಸಿ ಒತ್ತಿದ್ದರೆ ಕಂದುಗೆಂಪು. ಹಂಡೆ ಒಂದೇ, ಬೇರೂ ಒಂದೇ.

ಕಬ್ಬಿಣದ ಪಾಕದ ಸಂಗತಿ ನಮ್ಮ ಅಡುಗೆಮನೆಗೆ ಹೊಸದಲ್ಲ. ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಬೇಯಿಸಿದರೆ ಕಪ್ಪಾಗುತ್ತದೆ ಅಲ್ವಾ? ಕಾಯಿಯ ಒಗರು ಕಬ್ಬಿಣಕ್ಕೆ ತಾಗಿ ಆಗುವ ಕಪ್ಪು ಅದು. ನಾವು ಮಾಡುವುದೂ ಅದನ್ನೇ. ತುಕ್ಕು ಹಿಡಿದ ಮೊಳೆ, ಲಾಳಗಳನ್ನು ಬೆಲ್ಲದ ನೀರಿನ ಮಡಕೆಗೆ ಹಾಕಿ ಎರಡು ಮೂರು ವಾರ ಬಿಡುತ್ತೇವೆ. ನೊರೆ ಏಳುತ್ತದೆ, ಹುಳಿ ವಾಸನೆ ಬರುತ್ತದೆ. ಸೋಸಿದ ನೀರಿಗೆ ಹುಣಸೆ ಬೀಜದ ಪುಡಿ ಹಾಕಿ ಕಾಯಿಸಿದರೆ ಒತ್ತುವ ಹದಕ್ಕೆ ದಪ್ಪವಾಗುತ್ತದೆ. ಹದ ಬಂದಿದೆಯಾ ಅಂತ ನೋಡಲು ಅಳಲೆಯಲ್ಲಿ ಅದ್ದಿದ ಬಟ್ಟೆ ಚೂರಿನ ಮೇಲೆ ಒಂದು ಹನಿ ಬಿಡುತ್ತೇನೆ. ಕಣ್ಣೆದುರೇ ಕಪ್ಪಾಗುತ್ತಾ ಹೋಗಬೇಕು. ಸುಮ್ನೆ ಬೂದು ಬಣ್ಣಕ್ಕೆ ನಿಂತುಬಿಟ್ಟರೆ ಮಡಕೆಗೆ ಇನ್ನೂ ನಾಲ್ಕು ದಿನ ಬೇಕು ಅಂತ ಅರ್ಥ.

ಕೆಂಪಿನಲ್ಲಿ ಇಂಥ ಗುರುತು ಸಿಗುವುದಿಲ್ಲ. ಮಾಡಿದ ತಪ್ಪೂ ಹಂಡೆಗೆ ಇಳಿಯುವವರೆಗೆ ಅಡಗಿಕೊಂಡಿರುತ್ತದೆ. ನನ್ನ ಮೊದಲ ಸೀರೆಯಲ್ಲಿ ಹಾಗೇ ಆಯಿತು. ಪಟಿಕ ಒತ್ತಿ, ಮೂರು ದಿನ ಒಣಗಿಸಿ, ಮಡಚಿದ ಸೀರೆಯನ್ನು ಹಾಗೇ ಬಕೆಟ್ ನೀರಿನಲ್ಲಿ ನೆನೆಸಿಟ್ಟು ಊಟಕ್ಕೆ ಹೋದೆ. ಬಂದು ಹಿಂಡಿದೆ, ಹಂಡೆಗೆ ಇಳಿಸಿದೆ. ಕಾಲು ಗಂಟೆಯಲ್ಲಿ ಪ್ರತಿ ಹೂವಿನ ಪಕ್ಕ ಇನ್ನೊಂದು ಮಸುಕು ಹೂವು ಎದ್ದಿತು. ಬಟ್ಟೆಗೆ ಹಿಡಿಯದೆ ಉಳಿದಿದ್ದ ಪಟಿಕ ಬಿಚ್ಚಿಕೊಂಡು, ಮಡಿಕೆಯ ಇನ್ನೊಂದು ಮೈಗೆ ಅಂಟಿತ್ತು. ಆ ಸೀರೆ ಈಗಲೂ ನನ್ನ ಹತ್ತಿರ ಇದೆ. ಕಲಿಯಲು ಬಂದವರಿಗೆ ಮೊದಲು ಅದನ್ನೇ ಬಿಚ್ಚಿ ತೋರಿಸುತ್ತೇನೆ. ಪಟಿಕ ಒತ್ತಿದ ಬಟ್ಟೆಯನ್ನು ಬಿಡಿಸಿ ಹಿಡಿದು, ಹರಿಯುವ ನೀರಿನಲ್ಲಿ ಆಡಿಸುತ್ತಲೇ ತೊಳೆಯಬೇಕು. ಒಂದು ನಿಮಿಷವೂ ಸುಮ್ಮನೆ ಬಿಡಬಾರದು.

ಅದಕ್ಕೇ ಈ ಕಸುಬು ನೀರಿದ್ದ ಕಡೆ ಬೆಳೆಯಿತು. ಗುಜರಾತಿನ ಕಛ್‌ನ ಧಮಡ್ಕಾ, ಅಜ್ರಖ್ ಎಂಬ ಅಚ್ಚಿನ ಬಟ್ಟೆಯ ಕೆಲಸಕ್ಕೆ ಹೆಸರಾದ ಊರು. 2001ರ ಭೂಕಂಪದ ನಂತರ ಅಲ್ಲಿನ ನೀರಿನಲ್ಲಿ ಕಬ್ಬಿಣ ಜಾಸ್ತಿಯಾಯಿತು. ಕಬ್ಬಿಣ ಸೇರಿದರೆ ಕೆಂಪು ಮಂಕಾಗುತ್ತದೆ. ಈ ಕಸುಬಿನ ಅನೇಕ ಖತ್ರಿ ಕುಟುಂಬಗಳು ಭುಜ್ ಹತ್ತಿರ ಹೊಸ ಊರನ್ನೇ ಕಟ್ಟಿಕೊಂಡವು, ಅದೇ ಅಜ್ರಖ್‌ಪುರ. ಒಂದು ಕೆಂಪಿಗೋಸ್ಕರ ಊರು ಬಿಡಬೇಕಾ ಅಂತ ಯಾರಾದರೂ ಕೇಳಬಹುದು. ಬೋರ್‌ವೆಲ್ ನೀರಿನಲ್ಲಿ ನನ್ನ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದನ್ನು ನೋಡಿದ ಮೇಲೆ ನನಗೆ ಆ ಪ್ರಶ್ನೆ ಉಳಿದಿಲ್ಲ. ಈಗ ಬೆಂಗಳೂರಿನ ನನ್ನ ತಾರಸಿಯ ಮಳೆನೀರನ್ನು ಹಂಡೆಗೆ ಅಂತಲೇ ಹಿಡಿದಿಡುತ್ತೇನೆ.

ಬೇರೋ ಪುಡಿಯೋ ಅಂತಲೂ ಕೇಳುತ್ತಾರೆ. ಮಂಜಿಷ್ಠದ ಹತ್ತಿರದ ನೆಂಟನಾದ ಮ್ಯಾಡರ್ ಗಿಡದ ಬೇರಿನಲ್ಲಿರುವ ಕೆಂಪು ಅಲಿಜರಿನ್. 1868ರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್‌ಮನ್ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಇವತ್ತು ಎಷ್ಟೋ ಅಚ್ಚಿನ ಮನೆಗಳಲ್ಲಿ ಅದೇ ಪುಡಿ ಬಳಕೆಯಲ್ಲಿದೆ, ನಾನೂ ಬಳಸುತ್ತೇನೆ. ಪುಡಿ ಹಾಕಿದ್ದನ್ನು ಬೇರಿನದು ಅಂತ ಹೇಳಿ ಮಾರುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ವಿನ್ಯಾಸದಲ್ಲೂ ಮುಂದೆ ಏನಾಗುತ್ತದೆ ಅಂತ ಮೊದಲೇ ನೋಡಬೇಕು. ಹೊಸಬರು ಅಚ್ಚಿನ ನಡುವಿನ ಹೂವಿನ ಮೇಲೆ ದಿನಗಟ್ಟಲೆ ಕೂರುತ್ತಾರೆ. ನಾನು ಅಂಚು ನೋಡುತ್ತೇನೆ. ನಾಲ್ಕು ಅಚ್ಚು ಕೂಡುವ ಮೂಲೆಯಲ್ಲಿ ಯಾರೂ ಬರೆಯದ ಐದನೆಯ ಆಕಾರವೊಂದು ಹುಟ್ಟುತ್ತದೆ. ಸೀರೆ ಉಟ್ಟಾಗ ದೂರದಿಂದ ಮೊದಲು ಕಾಣುವುದು ಎಷ್ಟೋ ಸಲ ಅದೇ. 10 ಸೆಂ.ಮೀ. ಅಚ್ಚಿನಲ್ಲಿ 5.5 ಮೀಟರ್ ಸೀರೆ ತುಂಬಲು ಒಂದು ಬಣ್ಣಕ್ಕೆ ಸುಮಾರು 600 ಸಲ ಒತ್ತಬೇಕು. ಪ್ರತಿ ಸಲ 1 ಮಿ.ಮೀ. ಆಚೆ ಸರಿದರೂ ಸೆರಗು ಮುಟ್ಟುವ ಹೊತ್ತಿಗೆ ಅರ್ಧ ಅಚ್ಚಿನಷ್ಟು ದೂರ ಹೋಗಿರುತ್ತೇವೆ. ಅದಕ್ಕೇ ಅಚ್ಚಿನ ಮೂಲೆಯಲ್ಲಿ ಸಣ್ಣ ಗುರುತಿನ ಚುಕ್ಕಿ ಬಿಟ್ಟಿರುತ್ತಾರೆ.

ಈಗ ಕಸೂತಿಯ ಗೋಪುರವನ್ನು ತೇಗದ ಅಚ್ಚಿಗೆ ತರುತ್ತಿದ್ದೇನೆ. ಕಸೂತಿ ಎಳೆ ಎಣಿಸಿ ಹಾಕುವ ಹೊಲಿಗೆ, ಅದರ ಓರೆ ಗೆರೆಗೂ ಮೆಟ್ಟಿಲಿನ ಲೆಕ್ಕವಿದೆ. ಅದನ್ನು ಇದ್ದ ಹಾಗೇ ಕೆತ್ತಿಸಿದಾಗ ಪಾಕ ಮೆಟ್ಟಿಲಿನ ಸಂದಿಗಳಲ್ಲಿ ತುಂಬಿ ಗೋಪುರ ಮುದ್ದೆಯಾಯಿತು. ಎರಡನೆಯ ಸಲ ಗೆರೆಗಳನ್ನು ಕಡಿಮೆ ಮಾಡಿ, ನಡುವೆ ಜಾಗ ಬಿಡಿಸಿದೆ. ಆ ಅಚ್ಚು ಎರಡು ವಾರ ಎಣ್ಣೆ ಕುಡಿದು ಮೊನ್ನೆ ಮೇಜಿಗೆ ಬಂತು. ಒತ್ತಿದ ಬಟ್ಟೆ ಮೂರು ದಿನದಿಂದ ಹಗ್ಗದ ಮೇಲಿದೆ. ಈಗ ನೋಡಿದರೆ ಬರೀ ಹಳದಿ ಬಟ್ಟೆ, ಮೇಲೆ ಕೆಮ್ಮಣ್ಣಿನ ಗುರುತು. ನಾಳೆ ಬೆಳಗ್ಗೆ ತೊಳೆಯಬೇಕು. ಟ್ಯಾಂಕ್ ತುಂಬಿಸಿಟ್ಟಿದ್ದೇನೆ.