ಅರ್ಧ ಲೋಡಿಗೇ ಜನರೇಟರ್ ಟ್ರಿಪ್ ಆಗುವುದೇಕೆ?

ಪ್ರಶ್ನೆ: ನಮ್ಮ ಕಟ್ಟಡದಲ್ಲಿ 25 ಕೆವಿಎ ಸಾಮರ್ಥ್ಯದ ಮೂರು ಫೇಸಿನ ಡೀಸೆಲ್ ಜನರೇಟರ್ ಇದೆ. ಪ್ಯಾನೆಲ್ಲಿನ ಮೀಟರ್ 13 ಕಿಲೋವ್ಯಾಟ್ ದಾಟುವುದೇ ಇಲ್ಲ. ಆದರೂ ಆಗಾಗ ಟ್ರಿಪ್ ಆಗುತ್ತದೆ. ನೀರಿನ ಪಂಪ್ ಹಾಕಿದಾಗಲಂತೂ ದೀಪಗಳೆಲ್ಲ ಮಂಕಾಗುತ್ತವೆ. ಇದಕ್ಕಿಂತ ದೊಡ್ಡ ಜನರೇಟರ್ ಕೊಳ್ಳಬೇಕೇ?

ಉತ್ತರ: ಕೊಳ್ಳುವ ಮಾತು ಆಮೇಲಿರಲಿ. ಮೊದಲು ಅನುಭವವುಳ್ಳ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ, ಜನರೇಟರ್ ಲೋಡ್ ಹೊತ್ತಿರುವಾಗಲೇ ಮೂರು ಫೇಸುಗಳ ಆಂಪಿಯರನ್ನು ಕ್ಲ್ಯಾಂಪ್ ಮೀಟರಿನಿಂದ ಬೇರೆಬೇರೆಯಾಗಿ ಅಳೆಸಿ. ನೀವು ಹೇಳಿರುವ ಲಕ್ಷಣಗಳನ್ನು ನೋಡಿದರೆ, ಕೊರತೆ ಇರುವುದು ಜನರೇಟರಿನ ಶಕ್ತಿಯಲ್ಲಲ್ಲ, ಅದರ ಮೇಲೆ ಲೋಡನ್ನು ಹಂಚಿರುವ ರೀತಿಯಲ್ಲಿ ಮತ್ತು ಏರಿಸುವ ಕ್ರಮದಲ್ಲಿ ಎಂದು ನನಗೆ ಅನ್ನಿಸುತ್ತದೆ.

ನಾಮಫಲಕದ ಮೇಲಿರುವ 25 ಕೆವಿಎ ಎಂಬುದು 25 ಕಿಲೋವ್ಯಾಟ್ ಅಲ್ಲ. ಸಾಮಾನ್ಯವಾಗಿ ಈ ಯಂತ್ರಗಳ ಲೆಕ್ಕವನ್ನು 0.8 ಪವರ್ ಫ್ಯಾಕ್ಟರಿಗೆ, ಅಂದರೆ ಕೆವಿಎಯಲ್ಲಿ ನಿಜವಾದ ಕೆಲಸಕ್ಕೆ ಬರುವ ಪಾಲು 0.8 ಎಂದು ಹಿಡಿದು, ಹಾಕಿರುತ್ತಾರೆ. ಹಾಗಾಗಿ ಎಂಜಿನ್ ನಿಜವಾಗಿ ಎಳೆಯಬಲ್ಲದ್ದು 20 ಕಿಲೋವ್ಯಾಟ್. ಕಿಲೋವ್ಯಾಟ್ ಎಂಜಿನ್ನಿನ ಹೊರೆಯನ್ನು ಹೇಳಿದರೆ, ಆಂಪಿಯರ್ ಆಲ್ಟರ್ನೇಟರಿನ (ಎಂಜಿನ್ ತಿರುಗಿಸುವ, ವಿದ್ಯುತ್ ಹುಟ್ಟಿಸುವ ಭಾಗ) ಸುರುಳಿಗಳ ಹೊರೆಯನ್ನು ಹೇಳುತ್ತದೆ. ಎರಡರಲ್ಲಿ ಯಾವುದು ಮೊದಲು ಮಿತಿ ಮುಟ್ಟುತ್ತದೆಯೋ ಅಲ್ಲಿಗೆ ಜನರೇಟರಿನ ಸಾಮರ್ಥ್ಯ ಮುಗಿಯಿತು. ಎರಡು ಫೇಸುಗಳ ನಡುವಿನ 415 ವೋಲ್ಟಿನಲ್ಲಿ 25 ಕೆವಿಎ ಎಂದರೆ ಪ್ರತಿ ಫೇಸಿಗೆ ಸುಮಾರು 35 ಆಂಪಿಯರ್. ಈ 35 ಪ್ರತಿ ಫೇಸಿನ ಸ್ವಂತ ಮಿತಿ. ಒಂದು ಫೇಸಿನಲ್ಲಿ ಉಳಿದದ್ದನ್ನು ಇನ್ನೊಂದು ಫೇಸು ಬಳಸಿಕೊಳ್ಳಲು ಬರುವುದಿಲ್ಲ.

ಒಂದು ಉದಾಹರಣೆ ನೋಡಿ. ಮೊದಲ ಫೇಸಿನಲ್ಲಿ 41, ಎರಡನೆಯದರಲ್ಲಿ 12, ಮೂರನೆಯದರಲ್ಲಿ 6 ಆಂಪಿಯರ್ ಹರಿಯುತ್ತಿದೆ ಎಂದುಕೊಳ್ಳೋಣ. ಒಟ್ಟು 59. ಮೂರೂ ಫೇಸುಗಳು ಸೇರಿ ಹೊರಬಹುದಾದ 105ಕ್ಕೆ ಹೋಲಿಸಿದರೆ ಇದು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಒಂದೊಂದು ಫೇಸಿಗೂ ನ್ಯೂಟ್ರಲಿಗೂ ನಡುವಿನ 240 ವೋಲ್ಟ್ ಮತ್ತು 0.9 ಪವರ್ ಫ್ಯಾಕ್ಟರ್ ಹಿಡಿದು ಲೆಕ್ಕ ಹಾಕಿದರೆ ಮೀಟರ್ ತೋರಿಸುವುದು ಹೆಚ್ಚುಕಡಿಮೆ ನೀವು ಹೇಳಿದ 13 ಕಿಲೋವ್ಯಾಟ್. ಎಂಜಿನ್ನಿಗೆ ಇದು ಭಾರವೇ ಅಲ್ಲ, ಆದರೆ ಮೊದಲ ಫೇಸಿನ ಸುರುಳಿ ತನ್ನ ಮಿತಿ ಮೀರಿ ಬಿಸಿಯಾಗುತ್ತಿರುತ್ತದೆ ಮತ್ತು ಬ್ರೇಕರ್ ಅದನ್ನು ಕಂಡು ಬಿಡಿಸುತ್ತದೆ. ಇಂಥ ಸಂದರ್ಭದಲ್ಲಿ ಬ್ರೇಕರ್ ದುರ್ಬಲವಾಗಿದೆ ಎಂದು ಹೆಚ್ಚಿನ ಆಂಪಿಯರಿನ ಬ್ರೇಕರ್ ಕೂರಿಸುವುದನ್ನು ನಾನು ಕಂಡಿದ್ದೇನೆ. ಅದರಷ್ಟು ಅಪಾಯಕಾರಿ ತಪ್ಪು ಬೇರೊಂದಿಲ್ಲ, ಏಕೆಂದರೆ ಆ ನಂತರ ಸುಡುವುದು ಆಲ್ಟರ್ನೇಟರ್ ಅಥವಾ ಕೇಬಲ್. ಮಾಡಬೇಕಾದದ್ದು ಸಿಂಗಲ್ ಫೇಸಿನ ಲೋಡುಗಳನ್ನು, ಅಂದರೆ ಗೀಸರ್, ಎಸಿ, ದೀಪ, ಪ್ಲಗ್ ಪಾಯಿಂಟುಗಳ ಸರ್ಕ್ಯೂಟುಗಳನ್ನು, ಮೂರೂ ಫೇಸುಗಳಿಗೆ ಸಾಧ್ಯವಾದಷ್ಟು ಸಮನಾಗಿ ಹಂಚುವ ಕೆಲಸ. ಒಂದೇ ಹೊತ್ತಿನಲ್ಲಿ ಓಡುವಂಥವನ್ನು ಒಂದೇ ಫೇಸಿಗೆ ಹಾಕಬಾರದು. ಅಡುಗೆಮನೆಯ ಲೋಡ್ ಬೆಳಿಗ್ಗೆ ಏರುತ್ತದೆ, ದೀಪಗಳದ್ದು ಸಂಜೆ; ಹಾಗಾಗಿ ದಿನದ ಬೇರೆಬೇರೆ ಹೊತ್ತಿನಲ್ಲಿ ಅಳೆದು ನೋಡಿದರೆ ಮಾತ್ರ ಹಂಚಿಕೆ ಸರಿಯಾಗಿದೆಯೋ ಇಲ್ಲವೋ ತಿಳಿಯುತ್ತದೆ.

ಇನ್ನು ಪಂಪಿನ ವಿಚಾರ. 7.5 ಅಶ್ವಶಕ್ತಿಯ ಮೋಟರ್ ಓಡುವಾಗ ಸುಮಾರು 11 ಆಂಪಿಯರ್ ಎಳೆಯುತ್ತದೆ. ಆದರೆ ನೇರವಾಗಿ ಚಾಲೂ ಮಾಡಿದ ಕ್ಷಣದಲ್ಲಿ ಅದು ಆರು ಪಟ್ಟು, ಅಂದರೆ 65 ಆಂಪಿಯರಿನಷ್ಟನ್ನು ಕೇಳುತ್ತದೆ. ಕೆವಿಎ ಲೆಕ್ಕದಲ್ಲಿ ಅದು 47ರ ಹತ್ತಿರ, ನಿಮ್ಮ ಜನರೇಟರಿನ ಸಾಮರ್ಥ್ಯದ ಹೆಚ್ಚುಕಡಿಮೆ ಎರಡರಷ್ಟು. ಅಷ್ಟು ಕರೆಂಟನ್ನು ಕೊಡಲು ಹೋಗಿ ವೋಲ್ಟೇಜ್ ಕುಸಿಯುತ್ತದೆ, ದೀಪಗಳು ಮಂಕಾಗುತ್ತವೆ, ಸ್ಟಾರ್ಟರಿನೊಳಗಿನ ಕಾಂಟ್ಯಾಕ್ಟರ್ (ಕರೆಂಟನ್ನು ಜೋಡಿಸಿ ಬಿಡಿಸುವ ವಿದ್ಯುತ್ಕಾಂತದ ಸ್ವಿಚ್ಚು) ಹಿಡಿತ ಸಿಗದೆ ಕಟಕಟನೆ ಬಡಿದುಕೊಳ್ಳುತ್ತದೆ. ಪಂಪ್ ಮೂರು ಫೇಸಿನದಾಗಿದ್ದು, ಮೋಟರಿನ ಆರೂ ತುದಿಗಳು ಹೊರಗೆ ಬಂದಿದ್ದರೆ ಮೋಟರನ್ನು ಮೊದಲು ಕಡಿಮೆ ವೋಲ್ಟೇಜಿನಲ್ಲಿ ಎಬ್ಬಿಸಿ ಆಮೇಲೆ ಪೂರ್ತಿ ವೋಲ್ಟೇಜಿಗೆ ಬದಲಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿಸಿ. ಆರಂಭದ ಕರೆಂಟು ಮೂರನೇ ಒಂದಕ್ಕೆ ಇಳಿಯುತ್ತದೆ. ಆಗ ಮೋಟರಿನ ಆರಂಭದ ಬಲವೂ ಅಷ್ಟೇ ಇಳಿಯುವುದರಿಂದ, ಭಾರ ಹೊತ್ತೇ ಎದ್ದೇಳಬೇಕಾದ ಯಂತ್ರಗಳಿಗೆ ಇದು ಒಗ್ಗುವುದಿಲ್ಲ, ಆದರೆ ನೀರೆತ್ತುವ ಸೆಂಟ್ರಿಫ್ಯೂಗಲ್ ಪಂಪಿಗೆ ಸಾಮಾನ್ಯವಾಗಿ ತೊಂದರೆಯಾಗದು.

ಮೋಟರನ್ನು ಯಾವಾಗ ಚಾಲೂ ಮಾಡುತ್ತೀರಿ ಎನ್ನುವುದೂ ಅಷ್ಟೇ ಮುಖ್ಯ. ದೊಡ್ಡ ಮೋಟರ್ ಮೊದಲು, ಸಣ್ಣವು ಆಮೇಲೆ, ದೀಪ ಮತ್ತು ಎಲೆಕ್ಟ್ರಾನಿಕ್ ಉಪಕರಣಗಳು ಕೊನೆಗೆ. ಕರೆಂಟು ಹೋದಾಗ ಎಲ್ಲ ಸ್ವಿಚ್ಚುಗಳೂ ಆನ್ ಸ್ಥಿತಿಯಲ್ಲೇ ಉಳಿದಿರುತ್ತವೆ. ಅದೇ ಸ್ಥಿತಿಯಲ್ಲಿ, ಕಟ್ಟಡವನ್ನು ಬೀದಿಯ ಲೈನಿನಿಂದ ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ತಿರುಗಿಸಿದರೆ ಫ್ರಿಜ್ಜು, ಎಸಿ, ಪಂಪುಗಳೆಲ್ಲ ಒಮ್ಮೆಗೇ ಜನರೇಟರಿನ ಮೇಲೆ ಬೀಳುತ್ತವೆ. ಆದ್ದರಿಂದ ಎಂಸಿಬಿಗಳನ್ನು (ಒಂದೊಂದು ಸರ್ಕ್ಯೂಟಿನ ಸಣ್ಣ ಬ್ರೇಕರುಗಳನ್ನು) ಇಳಿಸಿ, ಎಂಜಿನ್ ಮೂರರಿಂದ ಐದು ನಿಮಿಷ ಖಾಲಿ ಓಡಿ ಬೆಚ್ಚಗಾದ ಮೇಲೆ ಚೇಂಜ್‌ಓವರ್ ತಿರುಗಿಸಿ, ಬಳಿಕ ಒಂದೊಂದಾಗಿ ಮೇಲೆತ್ತಿ. ಪ್ರತಿ ಬಾರಿಯೂ ಎಂಜಿನ್ನಿನ ದನಿ ಒಮ್ಮೆ ಕುಗ್ಗಿ ಮತ್ತೆ ತನ್ನ ಲಯಕ್ಕೆ ಬರುವುದು ಕೇಳುತ್ತದೆ. ಆ ಲಯ ಬರುವವರೆಗೆ ಮುಂದಿನದಕ್ಕೆ ಕೈ ಹಾಕಬೇಡಿ.

ದೋಷ ಎಲ್ಲಿದೆ ಎಂದು ತಿಳಿಯಲು ಹರ್ಟ್ಸ್ ಮೀಟರ್ ಬಹಳ ಸಹಾಯ ಮಾಡುತ್ತದೆ. 50 ಹರ್ಟ್ಸಿನ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಎಂಜಿನ್ನಿನ ವೇಗವನ್ನು ಕಾಯುವ ಗವರ್ನರ್ ಯಾಂತ್ರಿಕವಾಗಿರುವವು ಖಾಲಿ ಓಡುವಾಗ 52ರ ಆಸುಪಾಸು ತೋರಿಸಿ, ಪೂರ್ತಿ ಲೋಡಿಗೆ 50ಕ್ಕೆ ಇಳಿಯುವುದು ಸಹಜ. ಲೋಡ್ ಹಾಕಿದಾಗ ಹರ್ಟ್ಸ್ 48ಕ್ಕೋ 47ಕ್ಕೋ ಕುಸಿದು, ಹೊಗೆಯೂ ಕಪ್ಪಾದರೆ ತೊಂದರೆ ಎಂಜಿನ್ನಿನ ಕಡೆಯದು: ಒಂದೋ ಕಿಲೋವ್ಯಾಟ್ ಹೆಚ್ಚಾಗಿದೆ, ಇಲ್ಲವೇ ಡೀಸೆಲ್ ಫಿಲ್ಟರ್ ಅಥವಾ ಏರ್ ಫಿಲ್ಟರ್ ಕಟ್ಟಿಕೊಂಡಿದೆ. ಹರ್ಟ್ಸ್ ಕದಲದೆ ವೋಲ್ಟೇಜ್ ಮಾತ್ರ ಬಿದ್ದರೆ ಆಲ್ಟರ್ನೇಟರ್, ವೋಲ್ಟೇಜನ್ನು ಕಾಯುವ ಎವಿಆರ್ ಅಥವಾ ಫೇಸ್ ಅಸಮತೋಲನವನ್ನು ಅನುಮಾನಿಸಬೇಕು. ಕಟ್ಟಡದಲ್ಲಿ ಪವರ್ ಫ್ಯಾಕ್ಟರ್ ಸುಧಾರಿಸುವ ಕೆಪಾಸಿಟರ್ ಪ್ಯಾನೆಲ್ ಇದ್ದರೆ ಜನರೇಟರ್ ಓಡುವಾಗ ಅದನ್ನು ಬೇರ್ಪಡಿಸಿಡಿ. ಲೋಡ್ ಕಡಿಮೆಯಿರುವಾಗ ಕೆಪಾಸಿಟರುಗಳು ಉಳಿದುಕೊಂಡರೆ ಎವಿಆರ್ ಹಿಡಿತ ತಪ್ಪಿ ವೋಲ್ಟೇಜ್ ಮೇಲೇರಬಹುದು.

ಹಾಗಾದರೆ ಲೋಡ್ ಎಷ್ಟಿರಬೇಕು? ದೀರ್ಘ ಹೊತ್ತಿನ ಓಟಕ್ಕೆ ಸಾಮರ್ಥ್ಯದ ಶೇ. 50ರಿಂದ 80ರವರೆಗಿನ ಲೋಡ್ ಒಳ್ಳೆಯದು; ನಿಮ್ಮ ಯಂತ್ರಕ್ಕೆ ಅದು 10ರಿಂದ 16 ಕಿಲೋವ್ಯಾಟ್. ಕಡಿಮೆ ಲೋಡಿನಲ್ಲಿ ಓಡಿಸಿದರೆ ಎಂಜಿನ್ ಹೆಚ್ಚು ಬಾಳುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಡೀಸೆಲ್ ಎಂಜಿನ್ನಿನ ಮಟ್ಟಿಗೆ ಅದು ತಲೆಕೆಳಗಾದ ನಂಬಿಕೆ. ಶೇ. 30ಕ್ಕಿಂತ ಕಡಿಮೆ ಲೋಡಿನಲ್ಲಿ ಗಂಟೆಗಟ್ಟಲೆ ಓಡಿದ ಎಂಜಿನ್ ಸಾಕಷ್ಟು ಬಿಸಿಯಾಗುವುದಿಲ್ಲ. ಡೀಸೆಲ್ ಪೂರ್ತಿ ಉರಿಯದೆ ಮಸಿ ಮತ್ತು ಎಣ್ಣೆಯೊಂದಿಗೆ ಸೇರಿ ಹೊಗೆಕೊಳವೆಯ ಕೀಲುಗಳಿಂದ ಕಪ್ಪು ಜಿಡ್ಡಾಗಿ ಒಸರುತ್ತದೆ. ಬೆರಳಿಗೆ ಅಂಟುವ ಆ ಜಿಡ್ಡು ಕಂಡರೆ ಎಂಜಿನ್ ಹಸಿಹಸಿಯಾಗಿ ಉರಿಯುತ್ತಿದೆ ಎಂದರ್ಥ. ತಿಂಗಳಿಗೊಮ್ಮೆ ಬರಿದೇ ಚಾಲೂ ಮಾಡಿ ನಿಲ್ಲಿಸುವುದರ ಬದಲು, ಕನಿಷ್ಠ ಶೇ. 30ರಷ್ಟು ಲೋಡ್ ಹಾಕಿ ಅರ್ಧ ಗಂಟೆ ಓಡಿಸಿ. ಅಗತ್ಯಕ್ಕಿಂತ ಬಹಳ ದೊಡ್ಡ ಜನರೇಟರ್ ಕೊಂಡವರು ಬೀಳುವುದು ಇದೇ ಕಷ್ಟಕ್ಕೆ, ಮತ್ತು ನಿಮ್ಮ ಪ್ರಶ್ನೆಗೆ ಆತುರದಿಂದ 'ಕೊಳ್ಳಿ' ಎನ್ನಲು ನಾನು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ.

ನೀವು ಕೇಳಿಲ್ಲವಾದರೂ ಜೀವಕ್ಕೆ ಸಂಬಂಧಿಸಿದ ಎರಡು ಸಂಗತಿಗಳನ್ನು ಹೇಳದೆ ಮುಗಿಸಲಾರೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಿಗಿತದಿಂದ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತೂಕಡಿಕೆ ಬಂದವರು ಅದನ್ನು ಆಯಾಸವೆಂದು ಭಾವಿಸಿ ಅಲ್ಲೇ ಮಲಗಿದರೆ ಮತ್ತೆ ಏಳದೇ ಹೋಗಬಹುದು. ನೆಲಮಾಳಿಗೆಯಲ್ಲಿ ಕಿಟಕಿ ತೆರೆದಿಟ್ಟರೆ ಸಾಲದು. ಹೊಗೆಕೊಳವೆಯ ಬಾಯಿ ಕಟ್ಟಡದ ಹೊರಗೆ, ಯಾರ ಕಿಟಕಿಗೂ ಗಾಳಿ ಎಳೆದುಕೊಳ್ಳುವ ಕಿಂಡಿಗೂ ತಾಗದಷ್ಟು ದೂರದಲ್ಲಿರಬೇಕು. ಎರಡನೆಯದು, ಜನರೇಟರಿನ ಕೇಬಲನ್ನು ಗೋಡೆಯ ಪ್ಲಗ್ ಪಾಯಿಂಟಿಗೆ ಸಿಕ್ಕಿಸಿ ಮನೆಗೆ ಕರೆಂಟು ಕೊಡುವ ಅಭ್ಯಾಸ. ಅದು ಬೀದಿಯ ಲೈನಿಗೂ ಹರಿದು, ಟ್ರಾನ್ಸ್‌ಫಾರ್ಮರಿನ ಮೂಲಕ ಹಿಮ್ಮುಖವಾಗಿ ಸಾವಿರಾರು ವೋಲ್ಟಿಗೆ ಏರುತ್ತದೆ. ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಪ್ರಾಣ ಕಳೆದುಕೊಳ್ಳುತ್ತಾನೆ. ಒಂದು ಕಡೆಗೆ ತಿರುಗಿಸಿದರೆ ಇನ್ನೊಂದು ಕಡೆ ತಾನಾಗಿಯೇ ಕಡಿದುಹೋಗುವ ಚೇಂಜ್‌ಓವರ್ ಸ್ವಿಚ್ಚಿಗೆ ಬದಲಿ ಇಲ್ಲ. ಅದರ ನ್ಯೂಟ್ರಲ್ ಬೋಲ್ಟು ಬಿಗಿಯಾಗಿದೆಯೇ ಎಂದೂ ನೋಡಿಸಿ. ಫೇಸುಗಳು ಅಸಮವಾಗಿರುವಾಗ ನ್ಯೂಟ್ರಲ್ ಕಳಚಿದರೆ ಕಡಿಮೆ ಲೋಡಿರುವ ಫೇಸಿನ ವೋಲ್ಟೇಜ್ 300ನ್ನೂ ದಾಟಿ ಉಪಕರಣಗಳು ಸುಟ್ಟುಹೋಗುತ್ತವೆ.

ನಿಲ್ಲಿಸುವಾಗ ಲೋಡನ್ನೆಲ್ಲ ತೆಗೆದು ಇನ್ನೂ ಮೂರರಿಂದ ಐದು ನಿಮಿಷ ಖಾಲಿ ಓಡಿಸಿ. ಟರ್ಬೊ ಇರುವ ಎಂಜಿನ್ನಿನಲ್ಲಿ ಬಿಸಿಯಾದ ಬೇರಿಂಗುಗಳಿಗೆ ಆಯಿಲ್ ಹರಿದು ತಣಿಯಲು ಆ ಸಮಯ ಬೇಕೇ ಬೇಕು. ಡೀಸೆಲ್ ತುಂಬಿಸುವುದು ಎಂಜಿನ್ ನಿಂತು ತಣ್ಣಗಾದ ಮೇಲೆ ಮಾತ್ರ, ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುವುದೂ ಆಗಲೇ. ಫೇಸುಗಳನ್ನು ಸರಿಹೊಂದಿಸಿ, ಪಂಪಿಗೆ ತಕ್ಕ ಸ್ಟಾರ್ಟರ್ ಹಾಕಿಸಿದ ಮೇಲೂ ಮೂರು ಫೇಸುಗಳಲ್ಲಿ ಯಾವುದಾದರೂ ಒಂದು ಸತತವಾಗಿ 30 ಆಂಪಿಯರ್ ಮೀರುತ್ತಿದ್ದರೆ, ಆಗ ಆ ಅಳತೆಗಳನ್ನೇ ಮುಂದಿಟ್ಟುಕೊಂಡು ದೊಡ್ಡ ಜನರೇಟರಿನ ಬಗ್ಗೆ ಯೋಚಿಸಬಹುದು.