ಹಗ್ಗರ್-ಮಗ್ಗರ್: ಗುಟ್ಟಾಗಿ ಹೂಳಿದ ಹೆಣ, ಉಳಿದುಕೊಂಡ ಪದ

'ಗುಟ್ಟಾಗಿ', 'ಯಾರಿಗೂ ತಿಳಿಯದಂತೆ' ಎಂಬರ್ಥದಲ್ಲಿ 16ನೆಯ ಶತಮಾನದ ಇಂಗ್ಲಿಷಿನಲ್ಲಿ 'ಹಗ್ಗರ್-ಮಗ್ಗರ್' ಎಂಬ ಕ್ರಿಯಾವಿಶೇಷಣವೊಂದು ಚಲಾವಣೆಯಲ್ಲಿತ್ತು. ಅಪ್ಪುಗೆಯ 'ಹಗ್' ಮತ್ತು ದಾರಿಗಳ್ಳನನ್ನು ಸೂಚಿಸುವ 'ಮಗ್ಗರ್' ಪದಗಳನ್ನು ಬೆಸೆದು, ಕಳ್ಳರು ಒತ್ತೊತ್ತಾಗಿ ಕುಳಿತು ಸಂಚು ಹೂಡುವ ಚಿತ್ರವನ್ನು ಇದರಲ್ಲಿ ಕಾಣುವುದು ಸುಲಭ. ಆದರೆ ಕಾಲಗಣನೆ ಅದಕ್ಕೆ ಒಪ್ಪುವುದಿಲ್ಲ. ಹಗ್ಗರ್-ಮಗ್ಗರ್ 1520ರ ದಶಕದಲ್ಲೇ ಬರಹದಲ್ಲಿ ಸಿಗುತ್ತದೆ. 'ಹಗ್' ದಾಖಲಾದದ್ದು 1560ರ ದಶಕದಲ್ಲಿ, ದಾರಿಗಳ್ಳನ 'ಮಗ್ಗರ್' ಬಂದದ್ದು 19ನೆಯ ಶತಮಾನದಲ್ಲಿ. ಮೊಮ್ಮಗ ಅಜ್ಜನಿಗಿಂತ ಮೊದಲು ಹುಟ್ಟಲಾರನಷ್ಟೆ.

ಸ್ವಾರಸ್ಯವಿರುವುದು ಪದದ ಉತ್ತರಾರ್ಧದಲ್ಲಿ. ಮಧ್ಯಕಾಲೀನ ಇಂಗ್ಲಿಷಿನ 'ಮೊಕರ್' ಎಂಬ ಕ್ರಿಯಾಪದಕ್ಕೆ ಕೂಡಿಡು, ಬಚ್ಚಿಡು ಎಂಬ ಅರ್ಥಗಳಿದ್ದವು. 14ನೆಯ ಶತಮಾನದ ಕವಿ ಚಾಸರ್ ತನ್ನ 'ಟ್ರಾಯ್ಲಸ್ ಮತ್ತು ಕ್ರಿಸೈಡ್' ಕಾವ್ಯದಲ್ಲಿ ಜಿಪುಣ ಬಾಚಿ ಕೂಡಿಡುವ ಕಾಸಿನ ಬಗ್ಗೆ ಹೇಳುವಾಗ ಬಳಸಿರುವುದು ಇದನ್ನೇ. ಹಗ್ಗರ್-ಮಗ್ಗರಿನ ಬೇರು ಇಲ್ಲಿರಬಹುದೆಂಬುದು ಕೆಲವು ವಿದ್ವಾಂಸರ ಊಹೆ. ಹಾಗಾದರೆ ನಮ್ಮ 'ಪುಸ್ತಕ-ಗಿಸ್ತಕ'ದಲ್ಲಿ ಅರ್ಥ ಮುಂದೆ, ಪ್ರತಿಧ್ವನಿ ಹಿಂದೆ ಇದ್ದರೆ, ಇಲ್ಲಿ ಅದು ತಿರುವುಮುರುವು. 'ಹೋಡರ್-ಮೋಡರ್', 'ಹಡ್ಡರ್-ಮಡ್ಡರ್', 'ಹಕ್ಕರ್-ಮಕ್ಕರ್' ಎಂಬ ಸೋದರ ರೂಪಗಳನ್ನು ಸಾಲಾಗಿಟ್ಟು ನೋಡಬೇಕು: ನಡುವಿನ ವ್ಯಂಜನ ಡ, ಕ, ಗ ಎಂದು ಬದಲಾದರೂ ಎರಡೂ ಭಾಗಗಳಲ್ಲಿ ಒಟ್ಟೊಟ್ಟಿಗೇ ಬದಲಾಗಿದೆ, ಮೊದಲಿನ ಹ-ಮ ಜೋಡಿ ಮಾತ್ರ ಕದಲಿಲ್ಲ. ಬೇರು ಮರೆತುಹೋದ ಪದವನ್ನು ಪ್ರಾಸವೇ ಹಿಡಿದಿಟ್ಟುಕೊಂಡಿತ್ತು ಎಂದು ನನಗನ್ನಿಸುವುದು ಇದರಿಂದಲೇ.

ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕನ ಜೀವನಚರಿತ್ರೆಗಳನ್ನು ತಾಮಸ್ ನಾರ್ತ್ 1579ರಲ್ಲಿ ಇಂಗ್ಲಿಷಿಗೆ ತಂದಾಗ, ಕೊಲೆಯಾದ ಸೀಸರನ ಹೆಣವನ್ನು ಹಗ್ಗರ್-ಮಗ್ಗರಾಗಿ ಹೂಳಿದರೆ ಜನ ಇನ್ನಷ್ಟು ಕೆರಳುತ್ತಾರೆಂದು ಅವನ ಆಪ್ತ ಆಂಟನಿ ವಾದಿಸಿದ ಸಂದರ್ಭದಲ್ಲಿ ಈ ಪದವನ್ನು ಇಟ್ಟ. ಆ ಅನುವಾದವನ್ನು ಚೆನ್ನಾಗಿ ಬಲ್ಲ ಷೇಕ್ಸ್‌ಪಿಯರ್, 'ಹ್ಯಾಮ್ಲೆಟ್'ನಲ್ಲಿ ಕೊಲೆಯಾದ ಮಂತ್ರಿ ಪೊಲೋನಿಯಸ್ಸನನ್ನು ಹಗ್ಗರ್-ಮಗ್ಗರಾಗಿ ಹೂಳಿದ್ದು ಅವಿವೇಕವಾಯಿತೆಂದು ರಾಜ ಕ್ಲಾಡಿಯಸ್‌ನ ಬಾಯಲ್ಲಿ ಹೇಳಿಸುತ್ತಾನೆ. ಅಲ್ಲಿಯೂ ಹೆಣ, ಅಲ್ಲಿಯೂ ಜನರ ಗುಸುಗುಸು.

ಷೇಕ್ಸ್‌ಪಿಯರನ ನಾಟಕಗಳ 18ನೆಯ ಶತಮಾನದ ಸಂಪಾದಕರಿಗೆ ಈ ಮಾತು ಒರಟೆನಿಸಿತು. ಅದನ್ನು ಕಿತ್ತು 'ಇನ್ ಪ್ರೈವೇಟ್' ಎಂದು ತಿದ್ದಿದರು. ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ 1765ರ ತನ್ನ ಆವೃತ್ತಿಯಲ್ಲಿ ಹಳೆಯ ಪಾಠವನ್ನು ಮರಳಿ ತಂದು, ಇದೇ ಉತ್ತಮವೆಂದು ಸಾಧಿಸಹೊರಡದೆ, ಇದು ಷೇಕ್ಸ್‌ಪಿಯರನ ಮಾತು ಎಂಬಷ್ಟೇ ಸಾಕೆಂದ. ಒರಟಾಯಿತೆಂದು ಪದಗಳನ್ನು ಬದಲಿಸುತ್ತ ಹೋದರೆ ಭಾಷೆಯ ಚರಿತ್ರೆಯೇ ಕಳೆದುಹೋಗುತ್ತದೆ ಎಂದೂ ಬರೆದ. ಇಂದು ಹಗ್ಗರ್-ಮಗ್ಗರ್ ಎಂದರೆ ಹೆಚ್ಚಾಗಿ ಗೊಂದಲ, ಅಸ್ತವ್ಯಸ್ತತೆ. ಗುಟ್ಟಿನ ಅರ್ಥದಲ್ಲಿ ಅದನ್ನು ಓದಬೇಕಾದರೆ ಜಾನ್ಸನ್ ಉಳಿಸಿಕೊಟ್ಟ ಆ ಸಾಲಿಗೇ ಹೋಗಬೇಕು.